ಮಾದರಿ ಕೊಡುವ ಮುನ್ನ ಒಂದು ಕಾಗದ

ನಮ್ಮ ಈ ಪತ್ರಿಕೆಯಲ್ಲಿ ಗೊಬ್ಬರ, ಮರಗಸಿ, ಬೋರರ್ ಹುಳು, ಅಡಿಕೆಯ ಕೊಳೆರೋಗ, ಪೇಟೆ ಧಾರಣೆ ಇವುಗಳ ಬಗ್ಗೆ ಬರೆಯುವುದು ವಾಡಿಕೆ. ಈ ಸಾರಿ ನಾನು ಬರೆಯಹೊರಟಿರುವುದು ವಿಶ್ವವಿದ್ಯಾನಿಲಯಗಳ ಸಂಶೋಧನೆ ಮತ್ತು ಅದರ ಭದ್ರತೆಯ ವಿಷಯ. ‘ಅದು ದೊಡ್ಡವರ ಮಾತು, ನಮಗೇಕೆ’ ಎಂದು ಪುಟ ಮಗುಚಬೇಡಿ. ಸಂಶೋಧನೆಗೆ ಬೇಕಾದ ಗಿಡ, ಮಣ್ಣು, ಲೆಕ್ಕ ಇವೆಲ್ಲ ಹೋಗುವುದು ನಮ್ಮ ತೋಟಗಳಿಂದ. ಹೋದದ್ದು ಕೊನೆಗೆ ಯಾರ ಕೈ ಸೇರುತ್ತದೆ ಎಂದು ಕೇಳುವ ಹಕ್ಕು ನಮಗಿದೆ. ನಾವು ಕೇಳುತ್ತಿಲ್ಲ, ಅಷ್ಟೆ.

ಕಳೆದ ವರ್ಷ ಹೂಮಳೆ ಆಗಿ, ಬ್ಯಾಕಿಂಗ್ ಮಳೆಗೆ ಆಕಾಶ ನೋಡುತ್ತಿದ್ದ ದಿನಗಳಲ್ಲಿ ಮೂವರು ಹುಡುಗರು ಜೀಪಿನಲ್ಲಿ ನನ್ನ ತೋಟಕ್ಕೆ ಬಂದರು. ಕೈಯಲ್ಲಿ ಒಂದು ವಿದ್ಯಾಸಂಸ್ಥೆಯ ಪತ್ರವಿತ್ತು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಒಳ್ಳೆಯ ಹುಡುಗರು. ನನ್ನಲ್ಲಿ ನಮ್ಮ ತಂದೆಯವರು ನೆಟ್ಟ ಹಳೆಯ ಪೆರಾಡೇನಿಯಾ ರೋಬಸ್ಟಾ ಗಿಡಗಳಿವೆ. ಅವುಗಳಲ್ಲಿ ನಾಲ್ಕೈದು ಗಿಡಗಳು ಮಳೆ ಕೈಕೊಟ್ಟ ವರ್ಷವೂ ಎಲೆ ಬಾಡಿಸದೆ, ಕಾಯಿ ಉದುರಿಸದೆ ನಿಲ್ಲುತ್ತವೆ. ಅದು ಹೇಗೋ ಅವರ ಕಿವಿಗೆ ಬಿದ್ದಿತ್ತು. ಗಿಡಗಳಿಂದ ಎಲೆ ಕಿತ್ತರು, ಚಿಗುರು ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿದರು, ಬುಡದ ಮಣ್ಣನ್ನು ಚೀಲಕ್ಕೆ ತುಂಬಿದರು, ಮೊಬೈಲಿನಲ್ಲಿ ಜಾಗದ ಗುರುತು ಹಾಕಿಕೊಂಡರು. ಹತ್ತು ವರ್ಷದ ಫಸಲಿನ ಲೆಕ್ಕ ಕೇಳಿದರು. ನಾನು ಕಪಾಟಿನಿಂದ ಪುಸ್ತಕ ತೆಗೆದು ಓದಿ ಹೇಳಿದೆ. ಅಕ್ಕಿರೊಟ್ಟಿ ತಿಂದು ಕಾಫಿ ಕುಡಿಯುವಾಗ, ‘ಇದನ್ನೆಲ್ಲ ಎಲ್ಲಿ ಪರೀಕ್ಷೆ ಮಾಡುತ್ತೀರಪ್ಪ?’ ಎಂದು ಕೇಳಿದೆ.

‘ನಮ್ಮ ಪಾರ್ಟ್‌ನರ್ ಲ್ಯಾಬಿಗೆ ಹೋಗುತ್ತೆ ಸಾರ್.’

‘ಪಾರ್ಟ್‌ನರ್ ಅಂದರೆ ಯಾರು?’

‘ಅದು ನಮಗೆ ಗೊತ್ತಿಲ್ಲ ಸಾರ್. ನಮ್ಮ ಮೇಷ್ಟ್ರಿಗೆ ಗೊತ್ತು.’

ಆಮೇಲೆ ಒಂದು ಕಾಗದವಿಲ್ಲ, ಒಂದು ಫೋನಿಲ್ಲ. ಮಣ್ಣಿನ ಪರೀಕ್ಷೆಯ ಫಲಿತಾಂಶವಾದರೂ ಬರುತ್ತದೆಂದು ಕಾದೆ, ಅದೂ ಬರಲಿಲ್ಲ. ಅವರು ಕಳ್ಳರೆಂದು ನಾನು ಹೇಳುತ್ತಿಲ್ಲ. ಎಲ್ಲವೂ ಸರಿಯಾಗಿಯೇ ಇದ್ದೀತು. ನನಗೆ ಮನಸ್ಸಿಗೆ ಹತ್ತಿದ್ದು ಬೇರೆ. ಒಂದು ಮೂಟೆ ಚೆರ್ರಿ ಕಾಫಿಯನ್ನು ತೂಕ ಹಾಕಿಸದೆ, ಚೀಟಿ ಪಡೆಯದೆ ಯಾವ ವ್ಯಾಪಾರಿಗೂ ಕೊಡದ ನಾನು, ತಂದೆಯ ಕಾಲದ ಗಿಡದ ಕಡ್ಡಿಯನ್ನು ಹೆಸರು ಗೊತ್ತಿಲ್ಲದವನ ಕೈಗೆ ಹೋಗಲು ಬಿಟ್ಟೆ. ಮೂಟೆ ಹೋದರೆ ಒಂದು ಮೂಟೆ ಹೋಯಿತು. ಕಡ್ಡಿ ಹೋದರೆ ಗಿಡವೇ ಹೋದಂತೆ. ಕಡ್ಡಿಯಿಂದ ಎಷ್ಟು ಸಾವಿರ ಗಿಡವನ್ನಾದರೂ ಮಾಡಬಹುದು.

ಇದು ಬರಿಯ ಸಂಶಯಪ್ರಾಣಿಯ ಮಾತಲ್ಲ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ನಡೆದ ಬದನೆಕಾಯಿಯ ಪ್ರಕರಣವನ್ನು ಸ್ವಲ್ಪ ವಿವರವಾಗಿ ನೆನಪಿಸಬೇಕಾಗಿದೆ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯ, ಮಹಿಕೋ ಎಂಬ ಬೀಜದ ಕಂಪನಿ ಮತ್ತು ಸದ್ಗುರು ಎಂಬ ಸಲಹಾ ಸಂಸ್ಥೆ ಇವುಗಳ ನಡುವೆ 2005ರಲ್ಲಿ ಒಂದು ಕರಾರು ಆಯಿತು. ಇದರ ಹಿಂದೆ ಅಮೆರಿಕ ಸರ್ಕಾರದ ನೆರವು ಸಂಸ್ಥೆಯ ಹಣದಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯ ನಡೆಸುತ್ತಿದ್ದ ಒಂದು ಯೋಜನೆ ಇತ್ತು. ಕಂಪನಿಯ ಬಳಿ ಇದ್ದ ಬಿಟಿ ಜೀನನ್ನು ನಮ್ಮ ಊರಿನ ಬದನೆ ತಳಿಗಳಿಗೆ ಸೇರಿಸಿ, ಕಾಯಿಕೊರಕ ಹುಳು ತಡೆಯುವ ಬೀಜವನ್ನು ಬಡ ರೈತರಿಗೆ ಕಡಿಮೆ ಬೆಲೆಗೆ ಒದಗಿಸುವುದು ಉದ್ದೇಶ. ಉದ್ದೇಶವನ್ನು ಕೆಟ್ಟದ್ದೆನ್ನಲಾಗದು. ತೊಡಕು ಬಂದದ್ದು ತಳಿಗಳ ವಿಷಯದಲ್ಲಿ. ಮಲಾಪುರ ಲೋಕಲ್, ಕುಡಚಿ ಲೋಕಲ್, ರಬಕವಿ ಲೋಕಲ್, ಮಂಜರಿ ಗೋಟಾ, ಉಡುಪಿ ಲೋಕಲ್ ಹೀಗೆ ಕರ್ನಾಟಕದ ಆರು ತಳಿಗಳನ್ನು ಜೀವವೈವಿಧ್ಯ ಕಾಯಿದೆಯ ಪ್ರಕಾರ ಪಡೆಯಬೇಕಾದ ಅನುಮತಿ ಇಲ್ಲದೆ ಬಳಸಲಾಗಿದೆ ಎಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ 2010ರ ಫೆಬ್ರವರಿಯಲ್ಲಿ ರಾಜ್ಯದ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು. ಅದೇ ತಿಂಗಳ 9ರಂದು ಕೇಂದ್ರದ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್ ಅವರು ಬಿಟಿ ಬದನೆಯ ಬಿಡುಗಡೆಯನ್ನೇ ತಡೆಹಿಡಿದಿದ್ದರು. ಅದು ಆಹಾರ ಸುರಕ್ಷತೆಯ ಪ್ರಶ್ನೆ, ಬೇರೆ ಮಾತು. ನನ್ನ ಮಾತು ತಳಿಯ ಒಡೆತನದ್ದು.

ವಿಶ್ವವಿದ್ಯಾನಿಲಯದ ಕಡೆಯವರ ವಾದವೂ ಇತ್ತು: ಇದು ಸಹಯೋಗದ ಸಂಶೋಧನೆ, ಕಾಯಿದೆಯಲ್ಲಿ ಇದಕ್ಕೆ ವಿನಾಯಿತಿ ಉಂಟು ಎಂದು. ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಇದನ್ನು ಒಪ್ಪಲಿಲ್ಲ. 2011ರಲ್ಲಿ ಕಾನೂನು ಕ್ರಮಕ್ಕೆ ತೀರ್ಮಾನಿಸಿತು. 2012ರ ಕೊನೆಯಲ್ಲಿ ಧಾರವಾಡದ ನ್ಯಾಯಾಲಯದಲ್ಲಿ ಕ್ರಿಮಿನಲ್ ಮೊಕದ್ದಮೆ ದಾಖಲಾಯಿತು. ಅದನ್ನು ರದ್ದು ಮಾಡಬೇಕೆಂಬ ಅರ್ಜಿಗಳನ್ನು 2013ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ತಳ್ಳಿಹಾಕಿತು. ಯಾರು ತಪ್ಪಿತಸ್ಥರು ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ, ಅದಕ್ಕೆ ನ್ಯಾಯಸ್ಥಾನಗಳಿವೆ. ನಾನು ನೋಡುವುದು ವರ್ಷಗಳನ್ನು. ಕರಾರು ಆದದ್ದು 2005ರಲ್ಲಿ, ದೂರು ಬಂದದ್ದು 2010ರಲ್ಲಿ. ನಡುವೆ ಐದು ವರ್ಷ! ಆ ತಳಿಗಳನ್ನು ತಲೆತಲಾಂತರದಿಂದ ಬೆಳೆದು ಬೀಜ ಉಳಿಸಿಕೊಂಡು ಬಂದ ಕುಡಚಿ, ರಬಕವಿಗಳ ರೈತರಲ್ಲಿ ಎಷ್ಟು ಮಂದಿಗೆ ತಮ್ಮ ಊರಿನ ಹೆಸರು ಒಂದು ಕರಾರಿನಲ್ಲಿ ಬಂದಿದೆ ಎಂದು ತಿಳಿದಿತ್ತು? ಉಡುಪಿಯ ಬಳಿ ಮಟ್ಟುವಿನವರು ತಮ್ಮ ಗುಳ್ಳವನ್ನು ವಾದಿರಾಜ ಸ್ವಾಮಿಗಳು ಕೊಟ್ಟ ಬೀಜವೆಂದು ನಂಬಿ ಬೆಳೆಯುವವರು. ಅವರು 2011ರಲ್ಲಿ ಮಟ್ಟು ಗುಳ್ಳಕ್ಕೆ ಭೌಗೋಳಿಕ ಗುರುತಿನ ರಕ್ಷಣೆ ಪಡೆದುಕೊಂಡರು. ಎಚ್ಚರವಾದರು ಎನ್ನಿ.

ಅದೇ ವಿಶ್ವವಿದ್ಯಾನಿಲಯದ ಇನ್ನೊಂದು ಪ್ರಕರಣ ಹತ್ತಿಯದು. ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ‘ಬಿಕಾನೇರಿ ನರ್ಮಾ’ ಎಂಬ ಸರ್ಕಾರಿ ಬಿಟಿ ಹತ್ತಿಯನ್ನು 2009ರಲ್ಲಿ ಹೊರತಂದರು. ರೈತ ಮನೆಯಲ್ಲೇ ಬೀಜ ಉಳಿಸಿಕೊಳ್ಳಬಹುದಾದ ತಳಿ ಎಂದು ನಮ್ಮ ಬಯಲುಸೀಮೆಯ ನೆಂಟರೆಲ್ಲ ಸಂತೋಷಪಟ್ಟಿದ್ದರು. ಕೆಲವೇ ತಿಂಗಳಲ್ಲಿ ಬೀಜದ ಮಾರಾಟ ನಿಂತಿತು, ಏಕೆಂದರೆ ಬೀಜದಲ್ಲಿ ಮಾನ್ಸಾಂಟೋ ಕಂಪನಿಯ ಜೀನ್ ಇರುವುದು ಪತ್ತೆಯಾಯಿತು. ಪ್ರೊಫೆಸರ್ ಸೋಪೋರಿಯವರ ಸಮಿತಿ ವಿಚಾರಣೆ ನಡೆಸಿ 2012ರಲ್ಲಿ ವರದಿ ಕೊಟ್ಟಿತು. ಹೊರಗಿನ ವಸ್ತು ಪ್ರಯೋಗಾಲಯದೊಳಗೆ ಎಲ್ಲಿ, ಯಾವಾಗ, ಯಾರ ಕೈಯಿಂದ ಸೇರಿತು ಎಂಬುದನ್ನು ದಿನದಿನವೂ ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ನಷ್ಟ ಆದದ್ದು ಕಂಪನಿಗಲ್ಲ. ವಿಶ್ವವಿದ್ಯಾನಿಲಯದ ಹೆಸರಿಗೆ, ಮತ್ತು ಆ ಬೀಜವನ್ನು ನಂಬಿದ್ದ ಹತ್ತಿ ಬೆಳೆಗಾರರಿಗೆ.

ಇಷ್ಟು ಓದಿದವರಿಗೆ ‘ಹಾಗಾದರೆ ತೋಟದ ಗೇಟಿಗೆ ಬೀಗ ಹಾಕಿ, ಯಾರನ್ನೂ ಒಳಗೆ ಬಿಡಬೇಡಿ’ ಎಂದು ನಾನು ಹೇಳುತ್ತೇನೆಂದು ಅನ್ನಿಸಬಹುದು. ಸಂಘದ ಜಗುಲಿಯಲ್ಲಿ ಈ ವಿಷಯ ಎತ್ತಿದಾಗ ಹಿರಿಯರೊಬ್ಬರು ನಕ್ಕು, ‘ಅಲ್ಲಯ್ಯಾ, ಬಾಬಾಬುಡನ್‌ರವರು ತಂದ ಏಳು ಬೀಜಕ್ಕೆ ಯಾರ ಅನುಮತಿ ಇತ್ತು?’ ಎಂದು ಕೇಳಿದರು. ಮಾತು ಮುಟ್ಟಿತು. ಹಸಿ ಬೀಜ ಹೊರಗೆ ಹೋಗದಂತೆ ಅರಬರು ಕಾವಲು ಕಾದಿದ್ದ ಕಾಫಿ ನಮ್ಮ ಚಂದ್ರದ್ರೋಣ ಪರ್ವತಕ್ಕೆ ಬಂದದ್ದು ಹಾಗೆಯೇ. ಅವರ ಬೀಗ ಗಟ್ಟಿಯಾಗಿದ್ದಿದ್ದರೆ ಇವತ್ತು ಹೆತ್ತೂರಿನಲ್ಲಿ ಏಲಕ್ಕಿ, ಭತ್ತ ಬಿಟ್ಟರೆ ಬೇರೆ ಏನಿರುತ್ತಿತ್ತೋ ಹೇಳಲಾರೆ. ರೋಬಸ್ಟಾ ಆಫ್ರಿಕಾದ್ದು. ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ 1925ರಲ್ಲಿ ಆರಂಭವಾದದ್ದು ಮೈಸೂರು ಸರ್ಕಾರದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೋಲ್ಮನ್ ಎಂಬ ಕೆನಡಾ ದೇಶದವರ ಕಾಲದಲ್ಲಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಯಲು ಮಲೆನಾಡಿಗೆ ಹೇಳಿಕೊಟ್ಟವರೂ ಅವರೇ. ಹೊರಗಿನವರಿಂದ ನಾವು ಪಡೆದದ್ದನ್ನು ಮರೆತು ಮಾತಾಡುವುದು ಕೃತಘ್ನತೆ.

ನಮ್ಮಿಂದ ಹೋದದ್ದೂ ಇದೆ. ಮೂಡಿಗೆರೆ ಕಡೆಯ ದೊಡ್ಡೇನಗುಡ್ಡ ಎಸ್ಟೇಟಿನಲ್ಲಿ 1911ರಲ್ಲಿ ಕೆಂಟ್ ದೊರೆ ಆರಿಸಿದ ಗಿಡದ ಸಂತತಿ ಪೂರ್ವ ಆಫ್ರಿಕಾದ ತೋಟಗಳನ್ನು ಸೇರಿತು. ಬಾಳೆಹೊನ್ನೂರಿನಲ್ಲಿ ಹುಟ್ಟಿದ ಎಸ್.795 ತಳಿಯನ್ನು ಇಂದು ಇಂಡೋನೇಷ್ಯಾದಲ್ಲಿಯೂ ಬೆಳೆಯುತ್ತಾರೆ. ಅವಕ್ಕೆಲ್ಲ ಕಾಗದವೂ ಇಲ್ಲ, ಪಾಲೂ ಇಲ್ಲ. ಆ ಕಾಲ ಹಾಗಿತ್ತು. ಕೊಟ್ಟೂ ಇದ್ದೆವು, ಪಡೆದೂ ಇದ್ದೆವು. ಯಾರೂ ಲೆಕ್ಕ ಇಟ್ಟಿರಲಿಲ್ಲ. ಈಗ ಕಾಲ ಹಾಗಿಲ್ಲ. ಒಂದು ಜೀನಿಗೆ, ಒಂದು ಸಾರಕ್ಕೆ, ಒಂದು ಸಂಸ್ಕರಣೆಯ ವಿಧಾನಕ್ಕೆ ಹಕ್ಕುಪತ್ರ ಬರೆಸಿಕೊಳ್ಳುವ ಕಾಲ. ನಮ್ಮ ಅಜ್ಜಿಯರು ಗಾಯಕ್ಕೆ ಹಚ್ಚುತ್ತಿದ್ದ ಅರಿಸಿನಕ್ಕೆ 1995ರಲ್ಲಿ ಅಮೆರಿಕದ ಮಿಸ್ಸಿಸಿಪ್ಪಿ ವಿಶ್ವವಿದ್ಯಾನಿಲಯದ ವೈದ್ಯ ಕೇಂದ್ರ ಪೇಟೆಂಟ್ ಪಡೆದುಕೊಂಡಿತ್ತು. ನಮ್ಮ ಸಿಎಸ್ಐಆರ್ ಸಂಸ್ಥೆ ಹಳೆಯ ಗ್ರಂಥಗಳ ಆಧಾರ ಮುಂದಿಟ್ಟು ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಬೇಕಾಯಿತು. ಅರಿಸಿನಕ್ಕೆ ಗ್ರಂಥವಿತ್ತು. ಹೆತ್ತೂರಿನ ಗಿಡಕ್ಕೆ ಯಾವ ಗ್ರಂಥವಿದೆ?

ಹಂಚಿಕೊಳ್ಳುವುದೂ ಆಗಬೇಕು, ಜೋಪಾನವೂ ಆಗಬೇಕು ಎಂಬ ಮಾತು ಬಾಯಲ್ಲಿ ಹೇಳಲು ಸುಲಭ, ನಡೆಸುವುದು ಹೇಗೆ ಎಂದು ಕೇಳುವವರಿಗೆ ಪೋರ್ಚುಗಲ್ ದೇಶದ ಒಂದು ಸಂಗತಿ ಹೇಳಬೇಕು. ಕಾಫಿಯ ಎಲೆ ತುಕ್ಕು ರೋಗದ ಅಧ್ಯಯನಕ್ಕೆಂದೇ 1955ರಲ್ಲಿ ಲಿಸ್ಬನ್ ಹತ್ತಿರದ ಓಯಿರಾಸ್ ಎಂಬಲ್ಲಿ ಒಂದು ಕೇಂದ್ರ ಸ್ಥಾಪನೆಯಾಯಿತು. ಕಾಫಿ ಬೆಳೆಯುವ ದೇಶಗಳೆಲ್ಲ ತಮ್ಮ ತಮ್ಮ ತುಕ್ಕಿನ ಮಾದರಿಗಳನ್ನು ಅಲ್ಲಿಗೆ ಕಳಿಸಿದವು, ಭಾರತವೂ ಸೇರಿತ್ತು. ಕಾಫಿಯೇ ಬೆಳೆಯದ ಪೋರ್ಚುಗಲ್ ಏಕೆ? ಬೆಳೆಯದಿರುವುದೇ ಕಾರಣ. ಹತ್ತಾರು ದೇಶಗಳ ರೋಗದ ಬೀಜಾಣು ಒಂದೇ ಕಟ್ಟಡದಲ್ಲಿದ್ದರೂ ಕಿಟಕಿಯಿಂದ ಹಾರಿಹೋದರೆ ಹಿಡಿಯಲು ಹೊರಗೆ ಒಂದು ಕಾಫಿ ತೋಟವೂ ಇಲ್ಲ. ಅಲ್ಲಿ ತಿಮೋರ್ ದ್ವೀಪದ ತುಕ್ಕು ತಡೆಯುವ ಗಿಡವನ್ನು ಕತುರ್ರಾ ಎಂಬ ಗಿಡ್ಡ ತಳಿಯ ಜೊತೆ ಕೂಡಿಸಿ ಕತಿಮೋರ್ ಮಾಡಿದರು. ಅದರ ಸಂತತಿಯೇ 1980ರ ದಶಕದಲ್ಲಿ ‘ಕಾವೇರಿ’ ಎಂಬ ಹೆಸರಿನಿಂದ ನಮ್ಮ ತೋಟಗಳಿಗೆ ಬಂತು. (ಕಾವೇರಿಗೆ ಬೋರರ್ ಎಷ್ಟು ಬೇಗ ಬಿತ್ತು ಎಂಬುದು ಹಾಕಿದವರಿಗೆ ಗೊತ್ತು, ಆ ಕತೆ ಇನ್ನೊಮ್ಮೆ.) ನನ್ನ ಮಾತಿನ ತಿರುಳು ಇಷ್ಟೆ: ಆ ಕೇಂದ್ರದವರು ಭದ್ರತೆಯನ್ನು ಕೆಲಸ ಕೆಟ್ಟ ಮೇಲೆ ಯೋಚಿಸಲಿಲ್ಲ, ಜಾಗ ಆರಿಸುವಾಗಲೇ ಯೋಚಿಸಿದರು. ಆದ್ದರಿಂದ ಬಾಗಿಲನ್ನು ಧಾರಾಳವಾಗಿ ತೆರೆಯಲು ಅವರಿಗೆ ಧೈರ್ಯ ಬಂತು.

ಬಿಳಿ ಕಾಂಡಕೊರಕದ ಗಂಡು ದುಂಬಿ ಹೊರಡಿಸುವ ವಾಸನೆಯನ್ನು ಕಂಡುಹಿಡಿದದ್ದು ಬಾಳೆಹೊನ್ನೂರಿನವರೂ ಇಂಗ್ಲೆಂಡಿನ ನ್ಯಾಚುರಲ್ ರಿಸೋರ್ಸಸ್ ಇನ್‌ಸ್ಟಿಟ್ಯೂಟಿನವರೂ ಕೂಡಿ. ಕಾಯಿಕೊರಕ 1990ರಲ್ಲಿ ಗುಡಲೂರಿನಲ್ಲಿ ಕಂಡಾಗ ಅದನ್ನು ತಿನ್ನುವ ಕಣಜದ ಹುಳುವನ್ನು 1995ರಲ್ಲಿ ಮೆಕ್ಸಿಕೋದಿಂದ ತರಿಸಿದ್ದು ಸಹ ಹೊರಗಿನ ಸಹಯೋಗದಿಂದಲೇ. ಅಂಥ ಸಹಯೋಗ ನಿಂತರೆ ಕೆಡುವವರು ನಾವೇ.

ಬರುವವರು ಏನನ್ನು ತರುತ್ತಾರೆ ಎಂಬುದೂ ಭದ್ರತೆಯ ಪ್ರಶ್ನೆಯೇ ಎಂಬುದನ್ನು ಇಲ್ಲಿ ಸೇರಿಸಬೇಕು. ಆಫ್ರಿಕಾದಲ್ಲಿ ಹಸಿ ಕಾಯಿಯನ್ನೇ ಕಪ್ಪಾಗಿಸಿ ಕೊಳೆಸುವ ಒಂದು ಬೆರ್ರಿ ರೋಗವಿದೆ. ಅದು ಆ ಖಂಡವನ್ನು ಬಿಟ್ಟು ಹೊರಗೆ ಬಂದಿಲ್ಲ. ಅಲ್ಲಿಯ ತೋಟ ನೋಡಿಕೊಂಡು ನೇರವಾಗಿ ನಮ್ಮಲ್ಲಿಗೆ ಬರುವ ವಿಜ್ಞಾನಿಯ ಬೂಟು, ಬಟ್ಟೆ, ಕತ್ತರಿ ಇವುಗಳ ಬಗ್ಗೆ ಯಾರಾದರೂ ಕೇಳಿದ್ದೇವೆಯೇ? ಮನೆ ಬಾಗಿಲಲ್ಲಿ ಕಾಲು ತೊಳೆಯಲು ನೀರಿಡುವ ಪದ್ಧತಿ ನಮ್ಮದು. ತೋಟದ ಬಾಗಿಲಿಗೂ ಅದನ್ನು ತಂದರೆ ಯಾರೂ ಅವಮಾನವೆಂದು ತಿಳಿಯಲಾರರು.

ಇನ್ನು ಲೆಕ್ಕದ ವಿಷಯ. ಗಿಡದ ಕಡ್ಡಿ ಹೋದದ್ದಾದರೂ ಕಣ್ಣಿಗೆ ಕಾಣುತ್ತದೆ. ಲೆಕ್ಕ ಹೋದದ್ದು ಕಾಣುವುದೇ ಇಲ್ಲ. ಹಿಂದೆ ಕಾಫಿ ಪೂಲ್ ಇದ್ದ ಕಾಲದಲ್ಲಿ ಕಾಫಿಯನ್ನೆಲ್ಲ ಮಂಡಳಿಗೆ ಒಪ್ಪಿಸಿ, ಅವರು ಪಾಯಿಂಟ್ ಲೆಕ್ಕದಲ್ಲಿ ಕಂತುಕಂತಾಗಿ ಹಣ ಕೊಡುತ್ತಿದ್ದರು. 1992ರಿಂದ ಅದು ಸಡಿಲವಾಗುತ್ತ ಬಂದು 1996ರ ಹೊತ್ತಿಗೆ ಪೂರ್ತಿ ನಿಂತಿತು. ಅಲ್ಲಿಂದ ಈಚೆಗೆ ಪ್ರತಿಯೊಬ್ಬ ಸಣ್ಣ ಬೆಳೆಗಾರನೂ ತನ್ನ ಮೂಟೆಯನ್ನು ತಾನೇ ಮಾರಬೇಕು. ಎದುರಿಗೆ ಕುಳಿತವನು ಲಂಡನ್, ನ್ಯೂಯಾರ್ಕ್ ಪೇಟೆಗಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡವನು. ಅವನಿಗೂ ನಮಗೂ ಸ್ವಲ್ಪವಾದರೂ ಸಮವಾಗಿರುವುದು ಕಾಫಿ ಮಂಡಳಿ ಹೂವಾದ ಮೇಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸುವ ಫಸಲಿನ ಅಂದಾಜು. ಈಗ ಯೋಚಿಸಿ. ಒಂದು ವಿಶ್ವವಿದ್ಯಾನಿಲಯ ಸಂಶೋಧನೆಗೆಂದು ನಮ್ಮ ಹೋಬಳಿಯ ಐನೂರು ತೋಟಗಳ ಜಾಗದ ಗುರುತು, ಗಿಡದ ಸಂಖ್ಯೆ, ಹತ್ತು ವರ್ಷದ ಫಸಲು, ಸಾಲದ ವಿವರ ಬರೆದುಕೊಳ್ಳುತ್ತದೆ. ಅದಕ್ಕೆ ಹಣ ಕೊಟ್ಟ ಪಾಲುದಾರ ಕಾಫಿ ಕೊಳ್ಳುವ ಒಂದು ದೊಡ್ಡ ಕಂಪನಿ ಎಂದಿಟ್ಟುಕೊಳ್ಳಿ. ಮಾರ್ಚ್ ತಿಂಗಳಿಗೆ ಮೊದಲೇ ಯಾರಿಗೆ ಹಣದ ಅಡಚಣೆ, ಯಾರು ಕಣದಲ್ಲೇ ಮಾರುತ್ತಾರೆ ಎಂಬುದು ಒಬ್ಬನಿಗೆ ಮಾತ್ರ ತಿಳಿದಿದ್ದರೆ ಧಾರಣೆ ಯಾರು ಮಾಡುತ್ತಾರೆ? ಹೀಗೆ ನಡೆದಿದೆ ಎಂದು ನಾನು ಹೇಳುತ್ತಿಲ್ಲ. ನಡೆಯದಂತೆ ತಡೆಯುವ ಒಂದು ಸಾಲಾದರೂ ಕರಾರಿನಲ್ಲಿ ಇದೆಯೇ ಎಂದು ಕೇಳುತ್ತಿದ್ದೇನೆ.

ಐರೋಪ್ಯ ಒಕ್ಕೂಟದವರು ಕಾಡು ಕಡಿದು ಬೆಳೆದ ಕಾಫಿಯನ್ನು ಕೊಳ್ಳುವುದಿಲ್ಲವೆಂದು 2023ರಲ್ಲಿ ಮಾಡಿದ ನಿಯಮದಿಂದಾಗಿ ಪ್ರತಿ ತೋಟದ ನಕ್ಷೆಯ ಗುರುತು ಬೇಕಾಗಿದೆ. ನಿಯಮದ ಜಾರಿ ಮುಂದಕ್ಕೆ ಹೋಗುತ್ತಿದ್ದರೂ ಗುರುತು ಕೂಡಿಸುವ ಕೆಲಸ ನಿಲ್ಲುವುದಿಲ್ಲ. ಆದ್ದರಿಂದ ಗುರುತೇ ಕೊಡುವುದಿಲ್ಲ ಎಂದು ಹಟ ಹಿಡಿಯುವಂತಿಲ್ಲ. ಯಾರಿಗೆ, ಯಾವುದಕ್ಕೆ, ಎಷ್ಟು ದಿನಕ್ಕೆ ಎಂದು ಬರೆಸಿಕೊಂಡು ಕೊಡಬೇಕು.

ಹೊರದೇಶಗಳವರು ಈ ವಿಷಯದಲ್ಲಿ ನಿದ್ದೆ ಮಾಡುತ್ತಿಲ್ಲ. ಅಮೆರಿಕದ ಅಯೋವಾ ರಾಜ್ಯದಲ್ಲಿ ಕಂಪನಿಗಳ ಪ್ರಯೋಗದ ಹೊಲಗಳಿಂದ ಮುಸುಕಿನ ಜೋಳದ ಮೂಲ ಬೀಜ ಕದ್ದು ಚೀನಾಕ್ಕೆ ಸಾಗಿಸಲು ಸಂಚು ಮಾಡಿದ್ದಕ್ಕಾಗಿ ಒಬ್ಬನಿಗೆ 2016ರಲ್ಲಿ ಮೂರು ವರ್ಷ ಜೈಲಾಯಿತು. ಹೊಲದಲ್ಲಿ ಮಂಡಿಯೂರಿ ಬೀಜ ಅಗೆಯುತ್ತಿದ್ದವನನ್ನು ಕಂಡು ಸಂಶಯಪಟ್ಟವರಿಂದ ಆ ತನಿಖೆಯ ಎಳೆ ಸಿಕ್ಕಿತಂತೆ. ಕೆನಡಾ ಸರ್ಕಾರ 2024ರಲ್ಲಿ ಸೂಕ್ಷ್ಮ ವಿಷಯಗಳ ಸಂಶೋಧನೆಯಲ್ಲಿ ವಿಶ್ವವಿದ್ಯಾನಿಲಯಗಳು ಯಾವ ವಿದೇಶೀ ಸಂಸ್ಥೆಗಳ ಜೊತೆ ಕೂಡಬಾರದೆಂದು ಪಟ್ಟಿಯನ್ನೇ ಹೊರಡಿಸಿತು. ಅವರ ಚಿಂತೆ ಹೆಚ್ಚಾಗಿ ಯುದ್ಧಸಾಮಗ್ರಿ, ಕಂಪ್ಯೂಟರ್ ವಿದ್ಯೆಗಳದ್ದು. ದೇಶದ ಹೆಸರು ನೋಡಿ ಬಾಗಿಲು ಹಾಕುವ ಆ ಕ್ರಮ ನನಗೆ ಅಷ್ಟು ಹಿಡಿಸುವುದಿಲ್ಲ. ಯಾವ ದೇಶದವನಾದರೂ ಹೇಳಿ ಕೇಳಿ ಒಯ್ದರೆ ಅವನು ನೆಂಟ. ಊರವನೇ ಆದರೂ ಹೇಳದೆ ಒಯ್ದರೆ ಬೇರೆ ಹೆಸರಿದೆ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 2002ರ ಜೀವವೈವಿಧ್ಯ ಕಾಯಿದೆಯಂತೆ ವಿದೇಶೀಯರು ನಮ್ಮ ಗಿಡಮೂಲವನ್ನು ಸಂಶೋಧನೆಗೆ ಪಡೆಯಬೇಕಾದರೆ ಚೆನ್ನೈಯ ಪ್ರಾಧಿಕಾರದ ಅನುಮತಿ ಬೇಕು. ಸಂಶೋಧನೆಯ ಫಲವನ್ನು ಅವರಿಗೆ ಒಪ್ಪಿಸಲೂ ಅನುಮತಿ ಬೇಕು. ಸರ್ಕಾರದ ಮಾರ್ಗಸೂಚಿಗೆ ಒಳಪಟ್ಟ ಸಹಯೋಗಕ್ಕೆ ವಿನಾಯಿತಿ ಉಂಟು. ಬದನೆಯ ಪ್ರಕರಣದಲ್ಲಿ ಜಗ್ಗಾಟ ನಡೆದದ್ದು ಈ ವಿನಾಯಿತಿಯ ಬಾಗಿಲಲ್ಲೇ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು ಅದೇ ಕಾಯಿದೆ ಹೇಳುತ್ತದೆ. ನಮ್ಮ ಪಂಚಾಯಿತಿಯ ಸಮಿತಿಯಲ್ಲಿ ಯಾರಿದ್ದಾರೆ ಎಂದು ಓದುಗರಲ್ಲಿ ಎಷ್ಟು ಜನ ಹೇಳಬಲ್ಲಿರಿ? ನಾನೂ ವಿಚಾರಿಸಿಯೇ ತಿಳಿದುಕೊಂಡೆ. 2023ರ ತಿದ್ದುಪಡಿಯಲ್ಲಿ ಜೈಲು ಶಿಕ್ಷೆಯನ್ನು ತೆಗೆದು ಬರಿಯ ದಂಡಕ್ಕೆ ಇಳಿಸಿದ್ದಾರೆ. ಒಂದು ಲಕ್ಷದಿಂದ ಐವತ್ತು ಲಕ್ಷ ರೂಪಾಯಿವರೆಗೆ, ತಪ್ಪು ಮುಂದುವರಿದರೆ ಇನ್ನೂ ಹೆಚ್ಚು. ಕೆಲಸ ಮಾಡುವ ವಿಜ್ಞಾನಿಗೆ ಜೈಲಿನ ಹೆದರಿಕೆ ಹೋದದ್ದು ಒಳ್ಳೆಯದೇ. ಆದರೆ ದೊಡ್ಡ ಕಂಪನಿಗೆ ಐವತ್ತು ಲಕ್ಷವೆಂದರೆ ಜಾಹೀರಾತಿನ ಖರ್ಚು.

ಪಾಲು ಸಿಕ್ಕಿದ ಉದಾಹರಣೆಯೂ ಇಲ್ಲದಿಲ್ಲ. ಕೇರಳದ ಅಗಸ್ತ್ಯಕೂಟದ ಕಾಣಿ ಜನ ಆಯಾಸ ಕಳೆಯಲು ಅಗಿಯುತ್ತಿದ್ದ ಆರೋಗ್ಯಪಚ್ಚ ಎಂಬ ಗಿಡದಿಂದ ಅಲ್ಲಿಯ ಉಷ್ಣವಲಯ ಸಸ್ಯೋದ್ಯಾನದ ವಿಜ್ಞಾನಿಗಳು ‘ಜೀವನಿ’ ಎಂಬ ಔಷಧ ಮಾಡಿದರು. 1995ರಲ್ಲಿ ಕೊಯಮತ್ತೂರಿನ ಆರ್ಯ ವೈದ್ಯ ಫಾರ್ಮಸಿಗೆ ಹತ್ತು ಲಕ್ಷ ರೂಪಾಯಿಗೂ ಮಾರಾಟದ ಮೇಲೆ ಶೇಕಡ 2ರ ಗೌರವಧನಕ್ಕೂ ಹಕ್ಕು ಕೊಟ್ಟು, ಬಂದದ್ದರಲ್ಲಿ ಅರ್ಧ ಕಾಣಿಗಳಿಗೆ ಎಂದು ಮಾಡಿದರು. ಆಗ ಕಾಯಿದೆಯೇ ಇರಲಿಲ್ಲ. ಮನಸ್ಸಿತ್ತು.

ಇಷ್ಟೆಲ್ಲ ವಿಶ್ವವಿದ್ಯಾನಿಲಯದವರ ಮೇಲೆ ಹೊರಿಸಿದರೆ ಅನ್ಯಾಯವಾದೀತು. ಅವರು ಹೊರಗಿನವರ ಕೈ ಹಿಡಿಯುವುದು ಚಪಲಕ್ಕಲ್ಲ. ಸರ್ಕಾರದ ಅನುದಾನ ಬಹುಮಟ್ಟಿಗೆ ಸಂಬಳಕ್ಕೇ ತೀರಿಹೋಗುತ್ತದೆ. ಪ್ರಯೋಗಾಲಯಕ್ಕೆ ರಾಸಾಯನಿಕ ಬೇಕು, ಹುಡುಗರಿಗೆ ವೇತನ ಬೇಕು. ಯಾರೋ ಕೊಡುತ್ತೇನೆಂದಾಗ ಕರಾರಿನ ಹದಿನೆಂಟನೇ ಪುಟ ಓದುವ ಪುರಸೊತ್ತು ಯಾರಿಗಿರುತ್ತದೆ? ಓದಲು ಒಬ್ಬ ಕಾನೂನು ತಿಳಿದವನನ್ನು ಇಟ್ಟುಕೊಳ್ಳಲಿ, ಯಾರ ಜೊತೆ ಏನು ಕರಾರು ಎಂಬ ಸಾರಾಂಶವನ್ನು ಕನ್ನಡದಲ್ಲಿ ನೋಟೀಸು ಹಲಗೆಗೆ ಹಾಕಲಿ, ಮಾದರಿ ತರಲು ಕಳಿಸುವ ಹುಡುಗನಿಗೆ ಪಾಲುದಾರನ ಹೆಸರಾದರೂ ಹೇಳಿ ಕಳಿಸಲಿ. ನಾವು ಕೇಳುವುದು ಇಷ್ಟು. ಕೇಳುವ ಬಾಯಿಗೆ ಕೊಡುವ ಕೈಯೂ ಇರಬೇಕು. ನಮ್ಮ ಸಂಘ ವರ್ಷಕ್ಕೆ ಒಂದು ಸಣ್ಣ ಮೊತ್ತವನ್ನು ನಮ್ಮದೇ ಬೆಳೆಯ ಸಂಶೋಧನೆಗೆ ಕೊಟ್ಟರೆ, ಕರಾರಿನ ಮೇಜಿನಲ್ಲಿ ನಮಗೂ ಒಂದು ಕುರ್ಚಿ ಬರುತ್ತದೆ. ಜಾತ್ರೆಯ ಸಿಡಿಮದ್ದಿಗೆ ಎಷ್ಟು ಸುಡುತ್ತೇವೆ ಎಂಬುದನ್ನು ನೆನೆದರೆ ಇದು ಹೊರೆಯಲ್ಲ.

ಅವಸರ ಏಕೆಂದರೆ ಅಡಿಕೆಯ ಎಲೆಚುಕ್ಕಿ ರೋಗ. ಮಲೆನಾಡಿನ ತೋಟಗಳು ಈ ರೋಗದಿಂದ ಹೇಗೆ ಬೋಳಾಗುತ್ತಿವೆ ಎಂದು ನಾನು ಬರೆದು ತಿಳಿಸಬೇಕಾಗಿಲ್ಲ. ಕಂಗೆಟ್ಟವನು ಮದ್ದು ಕೊಡುತ್ತೇನೆಂದವನಿಗೆಲ್ಲ ಬಾಗಿಲು ತೆಗೆಯುತ್ತಾನೆ. ಬರುವ ದಿನಗಳಲ್ಲಿ ತಂಡದ ಮೇಲೆ ತಂಡ ಬರುತ್ತದೆ, ಬರಲೂ ಬೇಕು. ಹಳದಿ ಎಲೆ ರೋಗ ಹೊಕ್ಕ ತೋಟಗಳಲ್ಲಿ ತಾಳಿಕೊಂಡು ನಿಂತ ಮರಗಳನ್ನು ಹುಡುಕಿ ತಳಿ ಬೆಳೆಸುವ ಕೆಲಸವನ್ನು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು ಮಾಡಿಕೊಂಡು ಬಂದಿದ್ದಾರೆ. ಎಲೆಚುಕ್ಕಿ ರೋಗದಲ್ಲೂ ನಾಳೆ ನಮ್ಮ ಯಾರದಾದರೂ ತೋಟದಲ್ಲಿ, ಸುತ್ತಲಿನ ಮರಗಳೆಲ್ಲ ಸುಟ್ಟಂತಾಗಿದ್ದಾಗ ಒಂದು ಮರ 

ಹಸಿರಾಗಿ ನಿಂತಿದ್ದರೆ, ಆ ಒಂದು ಮರದ ಹಣ್ಣಡಿಕೆಯ ಬೆಲೆ ಏನೆಂದು ಊಹಿಸಿ. ಅದು ಸರಿಯಾದ ಕೈ ಸೇರಿದರೆ ಇಡೀ ಮಲೆನಾಡು ಬದುಕುತ್ತದೆ. ತಪ್ಪು ಕೈ ಸೇರಿದರೆ ಅದೇ ಮರದ ಸಸಿಯನ್ನು ಅದೇ ತೋಟದವನು ಹಣ ಕೊಟ್ಟು ಕೊಳ್ಳುತ್ತಾನೆ.

ನಾನು ಒಂದು ನಮೂನೆ ಬರೆದು ಸಂಘದ ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಒಂದೇ ಪುಟ. ಬಂದವರು ಯಾರು, ಹಣ ಯಾರದು, ಪಾಲುದಾರ ಯಾರು, ಏನನ್ನು ಎಷ್ಟು ಒಯ್ದರು, ಎಲ್ಲಿಗೆ, ವಿದೇಶಕ್ಕಾದರೆ ಪ್ರಾಧಿಕಾರದ ಅನುಮತಿಯ ಸಂಖ್ಯೆ ಏನು, ಫಲಿತಾಂಶವನ್ನು ಎಂದು ತಿಳಿಸುತ್ತಾರೆ, ಇದರಿಂದ ಲಾಭ ಬಂದರೆ ತೋಟದವನಿಗೆ ಏನು. ಕೆಳಗೆ ಎರಡು ಸಹಿ. ಒಂದು ಪ್ರತಿ ತೋಟದವನಿಗೆ, ಒಂದು ಸಂಘದ ಕಡತಕ್ಕೆ, ಒಂದು ಪಂಚಾಯಿತಿ ಸಮಿತಿಗೆ. ಸಹಿ ಹಾಕಲು ಒಪ್ಪದವರಿಗೆ ಕಾಫಿ ಕೊಟ್ಟು ಕಳಿಸುವುದು, ಕಡ್ಡಿ ಕೊಟ್ಟಲ್ಲ.

ಇದನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಠರಾವಿಗೆ ತರಬೇಕೆಂದು ಕೋರಿದ್ದೇನೆ. ವಿಷಯಪಟ್ಟಿಗೆ ಸೇರಿಸಲು ಇನ್ನೂ ಕೆಲವು ಸದಸ್ಯರ ಸಹಿ ಬೇಕಂತೆ. ಅರ್ಜಿ ಸಂಘದ ಕಚೇರಿಯಲ್ಲಿ ಗುಮಾಸ್ತರ ಮೇಜಿನ ಮೇಲಿದೆ. ಸಂತೆಗೆ ಬಂದವರು ಒಂದು ಗಳಿಗೆ ಒಳಗೆ ಬಂದು ಹೋಗಬೇಕು.

— ಹೆತ್ತೂರು ಹೋಬಳಿಯ ಒಬ್ಬ ಸದಸ್ಯ